ಹೋಸು ಪೈಪಿನ ಪಾಲನೆ: ಎಳೆಯುವ, ಸುತ್ತುವ, ಇಡುವ ಕ್ರಮ

ಕಾಸರಗೋಡು ಸೀಮೆಯ ಕೃಷಿಕನ ಮನೆಯಲ್ಲಿ ಹಾರೆ, ಪಿಕ್ಕಾಸು, ಕತ್ತಿಗಳ ಸಾಲಿಗೆ ಸೇರಿದ ಇನ್ನೊಂದು ಸಾಧನ ಹೋಸು ಪೈಪು. ಹಟ್ಟಿ ತೊಳೆಯುವುದಕ್ಕೆ ಅದು ಬೇಕು. ತರಕಾರಿ ಸಾಲಿಗೆ, ಅಡಿಕೆ ಸಸಿಗೆ, ಮನೆಯ ಹಿಂದಿನ ಬಾಳೆಗೆ ನೀರು ಬಿಡುವುದಕ್ಕೂ ಅದೇ ಬೇಕು. ಹಾರೆಗೆ ಮಣ್ಣು ಹಿಡಿದರೆ ತೊಳೆದಿಡುತ್ತೇವೆ. ಕತ್ತಿ ಮೊಂಡಾದರೆ ಮಸೆಯುತ್ತೇವೆ. ಪೈಪನ್ನು ಮಾತ್ರ ಕೆಲಸ ಮುಗಿದಲ್ಲಿಯೇ ಬಿಟ್ಟು ಬರುವುದು ವಾಡಿಕೆ. ಬಿಸಿಲಿನಲ್ಲಿ ಅದು ಒಣಗಲಿ, ದನ ತುಳಿಯಲಿ, ಜೀಪು ಹತ್ತಲಿ, ಯಾರಿಗೂ ಚಿಂತೆಯಿಲ್ಲ. ಎರಡು ಬೇಸಗೆ ಕಳೆಯುವುದರೊಳಗೆ ಅದು ಅಲ್ಲಲ್ಲಿ ಸೀಳಿ, ಜೋಡಿಸಿದಲ್ಲೆಲ್ಲ ಸೋರತೊಡಗುತ್ತದೆ. ಆಗ ಅಂಗಡಿಯವನನ್ನು ದೂರುತ್ತೇವೆ.

ಸೋರುವುದೆಂದರೆ ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಒಂದು ಜೋಡಣೆಯಿಂದ ಐದು ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ಹಗಲೂ ರಾತ್ರಿಯೂ ಸೇರಿ ದಿನಕ್ಕೆ 288 ಲೀಟರ್ ಆಗುತ್ತದೆ. ಬೇಸಗೆಯಲ್ಲಿ ಫಲ ಕೊಡುವ ಅಡಿಕೆ ಮರವೊಂದಕ್ಕೆ ಒಂದು ಸಲಕ್ಕೆ ಸುಮಾರು 175 ಲೀಟರ್ ನೀರು ಕೊಡಬೇಕೆಂಬುದು ಕೃಷಿ ತಜ್ಞರ ಲೆಕ್ಕ. ಅಂದರೆ ಒಂದೇ ಒಂದು ಸಂದಿನಿಂದ ದಿನವೂ ಒಂದೂವರೆ ಮರದ ನೀರು ನೆಲದ ಪಾಲಾಯಿತು. ಎಪ್ರಿಲ್ ತಿಂಗಳಲ್ಲಿ ಸುರಂಗದ ನೀರು ಬೆರಳಿನಷ್ಟು ಸಣ್ಣಗೆ ಹರಿಯುವಾಗ ಈ ನಷ್ಟ ಸಣ್ಣದಲ್ಲ. ಹನಿಗೂಡಿದರೆ ಹಳ್ಳವೆಂಬ ಗಾದೆ ಉಳಿತಾಯಕ್ಕೆ ಹೇಗೋ ನಷ್ಟಕ್ಕೂ ಹಾಗೆಯೇ ಸಲ್ಲುತ್ತದೆ.

ಆದುದರಿಂದ ಪೈಪನ್ನು ಎಳೆಯುವುದು ಹೇಗೆ, ಸುತ್ತುವುದು ಹೇಗೆ, ಎಲ್ಲಿ ಇಡಬೇಕು ಎಂಬ ಮೂರು ವಿಷಯಗಳನ್ನು ಈ ವಾರ ಕ್ರಮವಾಗಿ ನೋಡೋಣ.

ಪೈಪಿನ ಗುಣ ತಿಳಿಯಬೇಕು

ನಮ್ಮಲ್ಲಿ ಹೆಚ್ಚಾಗಿ ಕಾಣುವ ಪೈಪುಗಳು ಮೂರು ಬಗೆಯವು. ಮೊದಲನೆಯದು ಹಸಿರು, ನೀಲಿ, ಹಳದಿ ಬಣ್ಣಗಳಲ್ಲಿ ಬರುವ ಮೆತ್ತನೆಯ ಪಿ.ವಿ.ಸಿ. ಪೈಪು. ಇದು ಹಗುರ, ಅಗ್ಗ. ಆದರೆ ಬಿಸಿಲಿಗೆ ಸೋಲುತ್ತದೆ. ಇದನ್ನು ಮೆತ್ತಗಿಡಲು ಬೆರೆಸಿದ ವಸ್ತು ಕಾಲ ಕಳೆದಂತೆ ಹೊರಬಿದ್ದು ಪೈಪು ಗಟ್ಟಿಯಾಗುತ್ತದೆ. ಬಿಸಿಲು ಈ ಕೆಲಸವನ್ನು ಬೇಗ ಮಾಡುತ್ತದೆ. ಗಟ್ಟಿಯಾದ ಪೈಪನ್ನು ಬಗ್ಗಿಸಿದರೆ ಬಿರುಕು ಬಿಡುವುದು ಸಹಜ. ಎರಡನೆಯದು ರಬ್ಬರು ಪೈಪು. ಇದು ಭಾರವಾದರೂ ಬಗ್ಗಿದಲ್ಲಿ ಬೇಗ ಮುರಿಯದು. ಮೂರನೆಯದು ಸುರಂಗದಿಂದ, ಕೆರೆಯಿಂದ ಮನೆಗೆ ನೀರು ತರುವ ಗಟ್ಟಿ ಕಪ್ಪು ಪೈಪು. ಇದಕ್ಕೆ ಬೆರೆಸಿರುವ ಮಸಿಯೇ ಇದನ್ನು ಬಿಸಿಲಿನಿಂದ ಕಾಯುತ್ತದೆ. ಆದರೆ ಇದು ಒಮ್ಮೆ ಮಡಚಿಕೊಂಡಿತೆಂದರೆ ಆ ಗೆರೆ ಮತ್ತೆ ಹೋಗುವುದಿಲ್ಲ; ಮುಂದೆ ಒಡೆಯುವುದು ಅಲ್ಲಿಯೇ.

ಇದರಿಂದ ಒಂದು ನಿಯಮ ಸಿಗುತ್ತದೆ. ಬಣ್ಣದ ಪೈಪಿಗೆ ನೆರಳು ಬೇಕು. ಕಪ್ಪು ಪೈಪಿಗೆ ಅಗಲವಾದ ಸುತ್ತು ಬೇಕು. ಅಂಗಡಿಯಿಂದ ತಂದಾಗ ಕಪ್ಪು ಪೈಪಿನ ಸುರುಳಿ ಎಷ್ಟು ಅಗಲವಿತ್ತೋ ಅದಕ್ಕಿಂತ ಸಣ್ಣದಾಗಿ ಅದನ್ನು ಎಂದೂ ಸುತ್ತಬಾರದು.

ಮೊದಲು ನೀರು ಖಾಲಿ ಮಾಡಿ

ಪೈಪು ಎಳೆಯುವ ಕೆಲಸ ಅನೇಕ ಮನೆಗಳಲ್ಲಿ ಹೆಂಗಸರದು, ಶಾಲೆಯಿಂದ ಬಂದ ಮಕ್ಕಳದು. ಅವರು ಎಳೆಯುವುದು ಬರೇ ಪೈಪನ್ನಲ್ಲ, ಅದರೊಳಗಿನ ನೀರನ್ನೂ ಎಂಬುದನ್ನು ಗಮನಿಸಬೇಕು. 30 ಮೀಟರ್, ಅಂದರೆ ಸುಮಾರು 100 ಅಡಿ ಉದ್ದದ ಪೈಪಿನಲ್ಲಿ ನಿಲ್ಲುವ ನೀರಿನ ಲೆಕ್ಕ ಹೀಗಿದೆ:

ಒಳ ಅಗಲ ಅರ್ಧ ಇಂಚು ಇದ್ದರೆ ಸುಮಾರು 4 ಲೀಟರ್.
ಮುಕ್ಕಾಲು ಇಂಚು ಇದ್ದರೆ ಸುಮಾರು 8½ ಲೀಟರ್.
ಒಂದು ಇಂಚು ಇದ್ದರೆ ಸುಮಾರು 15 ಲೀಟರ್.
ಎರಡು ಇಂಚು ಇದ್ದರೆ ಸುಮಾರು 61 ಲೀಟರ್.

ಪೈಪಿನ ಅಗಲ ಇಮ್ಮಡಿಯಾದರೆ ಒಳಗಿನ ನೀರು ನಾಲ್ಮಡಿಯಾಗುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಒಂದು ಇಂಚಿನ ಪೈಪನ್ನು ತುಂಬಿದಂತೆಯೇ ಎಳೆದರೆ ಒಂದು ಕೊಡ ನೀರನ್ನು ನೆಲದ ಮೇಲೆ ಎಳೆದಂತೆಯೇ ಸರಿ. ಭುಜ ನೋಯುವುದೂ ಜೋಡಣೆ ಕಳಚುವುದೂ ಇದರಿಂದಲೇ.

ಖಾಲಿ ಮಾಡುವುದು ಕಷ್ಟವಲ್ಲ. ನಲ್ಲಿ ಮುಚ್ಚಿ, ನಲ್ಲಿಯ ಕಡೆಯ ತುದಿಯನ್ನು ಬಿಚ್ಚಿ, ಇನ್ನೊಂದು ತುದಿ ತಗ್ಗಿನಲ್ಲಿರುವಂತೆ ನೋಡಿಕೊಳ್ಳಿರಿ. ಬಿಚ್ಚಿದ ತುದಿಯನ್ನು ಸೊಂಟದೆತ್ತರಕ್ಕೆ ಎತ್ತಿ, ಪೈಪನ್ನು ಕೈಯಿಂದ ಕೈಗೆ ದಾಟಿಸುತ್ತ ತಗ್ಗಿನ ಕಡೆಗೆ ನಡೆಯಿರಿ. ನೀರು ತಾನಾಗಿ ಮುಂದಕ್ಕೆ ಹರಿದುಹೋಗುತ್ತದೆ. ನಮ್ಮ ತೋಟಗಳು ಗುಡ್ಡದ ಇಳಿಜಾರಿನಲ್ಲಿರುವುದರಿಂದ ಈ ಅನುಕೂಲ ನಮಗೆ ಹುಟ್ಟಿನಿಂದಲೇ ಉಂಟು. ಆ ನೀರು ಒಂದು ಸಸಿಯ ಬುಡಕ್ಕೆ ಬೀಳುವಂತೆ ನೋಡಿಕೊಂಡರೆ ಅದೂ ವ್ಯರ್ಥವಾಗದು.

ಎಳೆಯುವ ಕ್ರಮ

ಮೊದಲನೆಯದಾಗಿ, ಪೈಪನ್ನು ದೂರದ ತುದಿಯವರೆಗೆ ನೇರವಾಗಿ ಹಾಸಿಕೊಂಡು, ಅಲ್ಲಿಂದ ನೀರು ಬಿಡುತ್ತ ನಲ್ಲಿಯ ಕಡೆಗೆ ಹಿಂದಿರುಗಿ ಬರಬೇಕು. ಹತ್ತಿರದಿಂದ ದೂರಕ್ಕೆ ಹೋದರೆ ಪ್ರತಿ ಹೆಜ್ಜೆಗೂ ತುಂಬಿದ ಪೈಪಿನ ಪೂರ್ತಿ ಭಾರವನ್ನು ಎಳೆಯಬೇಕಾಗುತ್ತದೆ. ದೂರದಿಂದ ಹತ್ತಿರಕ್ಕೆ ಬಂದರೆ ತುದಿಯ ಸ್ವಲ್ಪ ಭಾಗವನ್ನು ಸರಿಸಿದರೆ ಸಾಕು.

ಎರಡನೆಯದಾಗಿ, ತಿರುವುಗಳಲ್ಲಿ ಗೂಟ ಊರಬೇಕು. ಪೈಪು ಯಾವಾಗಲೂ ಅತಿ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. ಆ ದಾರಿಯಲ್ಲಿ ಬದನೆ ಗಿಡವಿರಲಿ, ಆಗ ತಾನೇ ಚಿಗುರಿದ ಒಳ್ಳೆಮೆಣಸಿನ ಬಳ್ಳಿಯಿರಲಿ, ಅದನ್ನು ಒರಗಿಸಿಯೇ ಹೋಗುತ್ತದೆ. ಸಾಲಿನ ಮೂಲೆ ಮೂಲೆಗೆ ಮೊಣಕಾಲೆತ್ತರದ, ತೊಗಟೆ ತೆಗೆದು ನುಣುಪು ಮಾಡಿದ ಒಂದೊಂದು ಗೂಟವಿದ್ದರೆ ಗಿಡ ಉಳಿಯುತ್ತದೆ, ಪೈಪೂ ಸವೆಯುವುದಿಲ್ಲ. ಕೆಂಪುಕಲ್ಲಿನ ಕಟ್ಟೆಯ ಅಂಚಿನ ಮೇಲೆ ಪೈಪು ಉಜ್ಜುವ ಕಡೆ ಅಡಿಕೆ ಹಾಳೆಯ ತುಂಡೊಂದನ್ನು ಹಾಸಿದರೆ ಸಾಕು.

ಮೂರನೆಯದಾಗಿ, ಜೋಡಣೆಯನ್ನು ಹಿಡಿದು ಎಳೆಯಬಾರದು. ಜೋಡಣೆಯಿಂದ ಒಂದು ಮಾರು ಹಿಂದೆ ಪೈಪನ್ನೇ ಹಿಡಿದು ಎಳೆಯಬೇಕು. ಎಲ್ಲಿಯಾದರೂ ಸಿಕ್ಕಿಕೊಂಡರೆ ಜಗ್ಗದೆ, ಹಿಂದಕ್ಕೆ ಹೋಗಿ ಬಿಡಿಸಬೇಕು. ಹತ್ತು ಹೆಜ್ಜೆ ನಡೆಯುವ ಸೋಮಾರಿತನಕ್ಕೆ ಪೈಪು ತೆರುವ ಬೆಲೆ ಹೆಚ್ಚು.

ನಾಲ್ಕನೆಯದಾಗಿ, ಗಾಡಿ ಹೋಗುವ ದಾರಿಗೆ ಅಡ್ಡವಾಗಿ ಪೈಪು ಹಾಸಲೇಬೇಕಾದರೆ ಅಲ್ಲಿ ದೊಡ್ಡದೊಂದು ಗಟ್ಟಿ ಪೈಪನ್ನು ಒಂದು ಅಡಿ ಆಳಕ್ಕೆ ಹೂತು, ಹೋಸನ್ನು ಅದರೊಳಗಿಂದ ದಾಟಿಸಿರಿ. ಒಮ್ಮೆ ಮಾಡಿದ ಈ ಕೆಲಸ ಹಲವು ವರ್ಷ ಬಾಳುತ್ತದೆ.

ಉದ್ದದ ಪೈಪು, ಹೆಚ್ಚಿನ ನಲ್ಲಿ

ಉದ್ದದ ಪೈಪೊಂದನ್ನು ಕೊಳ್ಳುವುದು ಲೇಸೋ, ನಲ್ಲಿಗಳನ್ನು ಹೆಚ್ಚಿಸುವುದು ಲೇಸೋ ಎಂಬುದು ಅನೇಕರ ಪ್ರಶ್ನೆ. ತೋಟದ ನಡುವೆ ಒಂದು ನಲ್ಲಿಯಿದ್ದು, ಅದಕ್ಕೆ 15 ಮೀಟರ್ ಪೈಪು ಸಿಕ್ಕಿಸಿದರೆ ಸುತ್ತಲೂ ಸುಮಾರು 700 ಚದರ ಮೀಟರ್ ಜಾಗಕ್ಕೆ, ಅಂದರೆ ಹದಿನೇಳು ಸೆಂಟ್ಸಿಗೆ ನೀರು ಮುಟ್ಟುತ್ತದೆ. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಿಕೆ ಸಸಿಗಳಾದರೆ ಅದು ನೂರರ ಹತ್ತಿರ. ಅದೇ ನಲ್ಲಿ ತೋಟದ ಮೂಲೆಯಲ್ಲಿದ್ದರೆ ಕಾಲು ಭಾಗ ಮಾತ್ರ, ಅಂದರೆ ಇಪ್ಪತ್ತೈದು ಸಸಿಗಳಿಗಷ್ಟೇ ಅದು ಎಟುಕುತ್ತದೆ. ಆದುದರಿಂದ ಪೈಪಿನ ಉದ್ದಕ್ಕಿಂತ ನಲ್ಲಿಯ ಜಾಗ ಮುಖ್ಯ.

ಇನ್ನೊಂದು ವಿಚಾರ. ಪೈಪು ಉದ್ದವಾದಷ್ಟೂ ಅದರ ಒಳಮೈಗೆ ಉಜ್ಜಿ ನೀರಿನ ವೇಗ ಕುಂದುತ್ತದೆ. ನೀರು ಎತ್ತರದಿಂದ ಇಳಿದು ಬರುವ ಕಡೆ ಪೈಪಿನ ಉದ್ದವನ್ನು ಇಮ್ಮಡಿ ಮಾಡಿದರೆ ಬರುವ ನೀರು ಹೆಚ್ಚುಕಡಿಮೆ ಹತ್ತರಲ್ಲಿ ಏಳು ಪಾಲಿಗೆ ಇಳಿಯುತ್ತದೆ. ಗಟ್ಟಿ ಪೈಪನ್ನು ಮಣ್ಣಿನಡಿಯಲ್ಲಿ ಹಾಯಿಸಿ, ಮೂವತ್ತು ಮೀಟರಿಗೊಂದು ನಲ್ಲಿ ಇಟ್ಟು, ಹದಿನೈದು ಮೀಟರಿನ ಒಂದೇ ಹೋಸನ್ನು ನಲ್ಲಿಯಿಂದ ನಲ್ಲಿಗೆ ಒಯ್ಯುವುದು ಬೆನ್ನಿಗೂ ಹಿತ, ನೀರಿಗೂ ಹಿತ.

ಹಾಗೆಂದು ದೊಡ್ಡ ತೋಟವನ್ನೆಲ್ಲ ಹೋಸಿನಿಂದಲೇ ತೋಯಿಸುತ್ತೇವೆಂದರೆ ಆಗದು. ಹದಿನೈದು ಲೀಟರಿನ ಬಾಲ್ದಿ ತುಂಬಲು ಒಂದು ನಿಮಿಷ ಹಿಡಿಯುವ ಪೈಪಿನಿಂದ ಒಂದು ಮರಕ್ಕೆ 175 ಲೀಟರ್ ಬಿಡಲು ಸುಮಾರು ಹನ್ನೆರಡು ನಿಮಿಷ ಬೇಕು. ನೂರು ಮರಕ್ಕೆ ಹತ್ತೊಂಬತ್ತು ತಾಸಿಗಿಂತ ಹೆಚ್ಚು. ಬೆಳೆದ ತೋಟಕ್ಕೆ ಹನಿ ನೀರಾವರಿ ಅಥವಾ ತುಂತುರು ನೀರಾವರಿಯೇ ತಕ್ಕುದು. ಹೋಸು ಸಲ್ಲುವುದು ಅಂಗಳಕ್ಕೆ, ಹಟ್ಟಿಗೆ, ತರಕಾರಿಗೆ, ಸಸಿಗೆ. ನಿಮ್ಮ ಮನೆಯ ಪೈಪಿಗೆ ಬಾಲ್ದಿ ತುಂಬಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ಗಡಿಯಾರ ನೋಡಿ ತಿಳಿದುಕೊಳ್ಳಿರಿ. ಎಲ್ಲ ಲೆಕ್ಕವೂ ಅಲ್ಲಿಂದಲೇ ಆರಂಭವಾಗುತ್ತದೆ.

ಸುತ್ತುವ ಕ್ರಮ

ಹೆಚ್ಚಿನವರು ಮೊಣಕೈಗೂ ಹೆಬ್ಬೆರಳಿಗೂ ನಡುವೆ ಹಗ್ಗ ಸುತ್ತಿದಂತೆ ಪೈಪನ್ನು ಸುತ್ತುತ್ತಾರೆ. ಇದರಿಂದ ಎರಡು ಕೇಡು. ಸುತ್ತು ತೀರ ಸಣ್ಣದಾಗುವುದು ಒಂದು. ಪ್ರತಿ ಸುತ್ತಿಗೂ ಪೈಪಿನೊಳಗೆ ಒಂದೊಂದು ತಿರುಚು ಸೇರುವುದು ಇನ್ನೊಂದು. ಮರುದಿನ ಎಳೆದಾಗ ಆ ತಿರುಚುಗಳೆಲ್ಲ ಗಂಟಾಗಿ, ಪೈಪು ಮಡಚಿ, ನೀರು ನಿಲ್ಲುತ್ತದೆ.

ಸರಿಯಾದ ಕ್ರಮವನ್ನು ಬಯಲಾಟದ ಮೈಕಿನವರಲ್ಲಿ ಪಳಗಿದವರಿಂದ ಕಲಿಯಬಹುದು. ಆಟ ಮುಗಿದ ಬೆಳಗ್ಗೆ ಅವರು ಉದ್ದದ ವಯರನ್ನು ಒಂದು ಸುತ್ತು ಹೀಗೆ, ಒಂದು ಸುತ್ತು ಹಾಗೆ ಎಂದು ಇಡುವುದನ್ನು ನೋಡಿರಿ. ಪೈಪಿಗೂ ಅದೇ ಉಪಾಯ. ಎಡಗೈಯಲ್ಲಿ ತುದಿಯನ್ನು ಹಿಡಿದು, ಬಲಗೈಯಿಂದ ಮೊದಲ ಸುತ್ತನ್ನು ಎಂದಿನಂತೆ ತಂದು ಎಡಗೈಯಲ್ಲಿ ಇಡಬೇಕು. ಎರಡನೆಯ ಸುತ್ತಿಗೆ ಬಲಗೈಯ ಮಣಿಕಟ್ಟನ್ನು ಒಳಕ್ಕೆ ತಿರುಗಿಸಿ, ಪೈಪಿನ ಮುಂದಿನ ಭಾಗವು ಆ ಸುತ್ತಿನ ಒಳಗಡೆಯಿಂದ ಹಾಯುವಂತೆ ಇಡಬೇಕು. ಮೂರನೆಯದು ಮೊದಲನೆಯದರಂತೆ, ನಾಲ್ಕನೆಯದು ಎರಡನೆಯದರಂತೆ. ಒಂದು ಸುತ್ತಿನ ತಿರುಚನ್ನು ಮುಂದಿನ ಸುತ್ತು ಬಿಡಿಸುತ್ತ ಹೋಗುತ್ತದೆ. ಸುತ್ತಿನ ಅಗಲ ಎರಡೂವರೆ ಅಡಿಗೆ ಕಡಮೆಯಾಗದಿರಲಿ. ಹೀಗೆ ಸುತ್ತಿದ ಪೈಪಿನ ತುದಿಯನ್ನು ಸುರುಳಿಯ ನಡುವಿನಿಂದ ಮಾತ್ರ ದಾಟಿಸಬಾರದು. ದಾಟಿಸಿದರೆ ಎಳೆದಾಗ ಸಾಲು ಸಾಲಾಗಿ ಗಂಟು ಬೀಳುತ್ತದೆ.

ಕೈಯಲ್ಲಿ ಹಿಡಿಯಲಾಗದಷ್ಟು ಉದ್ದ ಅಥವಾ ಭಾರದ ಪೈಪಾದರೆ ನೆಲದ ಮೇಲೆ ಕನ್ನಡದ ೪ ಅಂಕಿಯ ಮೇಲ್ಭಾಗವನ್ನು ಮುಚ್ಚಿದಂತೆ, ಒಂದು ಕುಣಿಕೆ ಬಲಕ್ಕೆ ಒಂದು ಕುಣಿಕೆ ಎಡಕ್ಕೆ ಬರುವ ಹಾಗೆ, ನಡುವೆ ಅಡ್ಡ ಹಾಯಿಸಿ ಒಂದರ ಮೇಲೊಂದು ಹಾಸಿರಿ. ಆಗಲೂ ತಿರುಚು ಉಳಿಯುವುದಿಲ್ಲ. ಬೆಳಗಿನ ತಂಪಿನಲ್ಲಿ ಪೈಪು ಬಿರುಸಾಗಿರುತ್ತದೆ. ಸ್ವಲ್ಪ ಬಿಸಿಲು ತಾಗಿದ ಮೇಲೆ ಸುತ್ತಿದರೆ ಕೈಗೆ ಬಾಗುತ್ತದೆ.

ಇಡುವ ಸ್ಥಳ

ಸುತ್ತಿದ ಪೈಪನ್ನು ಒಂದೇ ಮೊಳೆಗೆ ನೇತುಹಾಕಬಾರದು. ಪೂರ್ತಿ ಭಾರವು ಮೊಳೆಯ ಮೇಲೆ ನಿಂತು, ಪೈಪು ಅಲ್ಲಿಯೇ ಚಪ್ಪಟೆಯಾಗಿ ಬಿರಿಯುತ್ತದೆ. ಹಟ್ಟಿಯ ಅಥವಾ ಸೌದೆ ಕೊಟ್ಟಿಗೆಯ ಗೋಡೆಗೆ ಕಮಾನಿನಂತೆ ಮೂರು ಗೂಟಗಳನ್ನು ಹೊಡೆಯಿರಿ. ಇಲ್ಲವೆ ಹಳೆಯ ಸ್ಕೂಟರ್ ಚಕ್ರದ ಬರಿಯ ರಿಮ್ಮನ್ನು ಗೋಡೆಗೆ ಬಿಗಿದು ಅದರ ಮೇಲೆ ಹಾಕಿರಿ. ಭಾರ ಹಂಚಿಹೋಗುತ್ತದೆ.

ಟಯರನ್ನೇ ತೂಗುಹಾಕಿ ಅದರೊಳಗೆ ಪೈಪು ಇಡುವವರು, ಬಾಲ್ದಿಯಲ್ಲಿ ಸುತ್ತಿಡುವವರು ಅವುಗಳ ಅಡಿಗೆ ತೂತು ಕೊರೆಯಲೇಬೇಕು. ಡೆಂಗೆ ಜ್ವರ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ಸ್ವಲ್ಪ ನೀರಿನಲ್ಲಿಯೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ನಲ್ಲಿಯ ಅಡಿಯ ಗುಂಡಿ, ಪೈಪು ಇಟ್ಟ ಪಾತ್ರೆ, ಅಂಗಳದಲ್ಲಿ ಬಿದ್ದ ಹಾಳೆ, ಚಿಪ್ಪುಗಳನ್ನು ಕವುಚಿ ಒಣಗಿಸುವುದು ಪೈಪಿನ ಪಾಲನೆಯ ಒಂದು ಭಾಗವೆಂದೇ ತಿಳಿಯತಕ್ಕದ್ದು.

ಪೈಪಿನ ಎರಡು ತುದಿಗಳಿಗೂ ಬಟ್ಟೆಯ ಅಥವಾ ತೆಂಗಿನ ನಾರಿನ ಬಿರಡೆ ಇರಲಿ. ಇಲ್ಲವಾದರೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದೂ ಕಪ್ಪೆ ಸೇರುವುದೂ ಉಂಟು. ಇಲಿ ಪೈಪನ್ನು ಕಡಿಯುವುದರಿಂದ ಬೈಹುಲ್ಲಿನ ರಾಶಿಯ ಹತ್ತಿರ, ಭತ್ತದ ಚೀಲದ ಹಿಂದೆ ಅದನ್ನು ಇಡಬಾರದು. ನೆಲದಲ್ಲಿ ಗುಡ್ಡೆ ಹಾಕಿದ ಪೈಪಿನಡಿಯಲ್ಲಿ ಹಾವು ಮಲಗಿರಬಹುದಾದ್ದರಿಂದ ಗೋಡೆಗೆ ಹಾಕುವುದೇ ಕ್ಷೇಮ.

ಬಿಸಿಲಿನ ಎರಡು ಅಪಾಯಗಳು

ಸುರಂಗದ ನೀರು ಗುಡ್ಡದಿಂದ ಇಳಿದು ಬರುವಾಗ ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೂಡುತ್ತದೆ. ನಲ್ಲಿಯನ್ನು ತೆರೆದೇ ಇಟ್ಟು, ಹೋಸಿನ ತುದಿಯ ಮೂತಿಯನ್ನು ಮಾತ್ರ ಮುಚ್ಚಿ ಊಟಕ್ಕೆ ಹೋದರೆ ಆ ಒತ್ತಡವೆಲ್ಲ ಬಿಸಿಲಿಗೆ ಮೆತ್ತಗಾದ ಪೈಪಿನ ಮೇಲೆ ಬೀಳುತ್ತದೆ. ಒಡೆಯುವುದು ಆಗಲೇ. ಮುಚ್ಚುವುದಾದರೆ ನಲ್ಲಿಯನ್ನೇ ಮುಚ್ಚಬೇಕು.

ಎರಡನೆಯದು ಮಕ್ಕಳ ವಿಷಯ. ನಡುಹಗಲಿನಲ್ಲಿ ಬಿಸಿಲಿಗೆ ಬಿದ್ದ ಪೈಪಿನೊಳಗಿನ ನೀರು ಮೈ ಸುಡುವಷ್ಟು ಕಾದಿರುತ್ತದೆ. ಮೊದಲು ಬರುವ ನೀರನ್ನು ನೆಲಕ್ಕೆ ಬಿಟ್ಟು, ಕೈಯಲ್ಲಿ ಮುಟ್ಟಿ ನೋಡಿ, ಆ ಮೇಲೆ ಮಗುವಿನ ಕಾಲು ತೊಳೆಯಿರಿ, ಕರುವಿಗೆ ಮೀಯಿಸಿರಿ. ಪೈಪಿನಲ್ಲಿ ನಿಂತ ನೀರನ್ನು ಕುಡಿಯಲಂತೂ ಕೊಡಬಾರದು.

ಬಾವಿಯನ್ನು ಕಾಯಿರಿ

ಇಲ್ಲಿಯವರೆಗೆ ಹೇಳಿದುದು ಪೈಪು ಕೆಡದಿರುವ ಮಾತಾಯಿತು. ಇನ್ನು ಹೇಳುವುದು ಮನೆಮಂದಿಯ ಆರೋಗ್ಯದ ಮಾತು. ಮಳೆಗಾಲದ ಆರಂಭದಲ್ಲಿ ಕೊಳೆರೋಗಕ್ಕೆಂದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತೇವೆ. ಡ್ರಮ್ಮಿಗೆ ನೀರು ತುಂಬಲು ಹೋಸಿನ ತುದಿಯನ್ನು ಅದರೊಳಗೆ ಮುಳುಗಿಸಿ, ಬೇರೆ ಕೆಲಸಕ್ಕೆ ಹೋಗುವುದು ರೂಢಿ. ಅಷ್ಟರಲ್ಲಿ ಕರೆಂಟು ಹೋಗಿ ಪಂಪು ನಿಂತಿತೆನ್ನಿ. ಬಾವಿಯ ತಳದ ಫುಟ್‌ವಾಲ್ವು ಬಿಗಿಯಾಗಿ ಮುಚ್ಚದಿದ್ದರೆ ಪೈಪಿನ ನೀರು ಬಾವಿಗೆ ಹಿಂದಿರುಗುತ್ತದೆ. ಹಾಗೆ ಹಿಂದಿರುಗುವಾಗ, ಮುಳುಗಿದ ತುದಿಯ ಮೂಲಕ ಡ್ರಮ್ಮಿನಲ್ಲಿರುವುದನ್ನೂ ಎಳೆದುಕೊಂಡೇ ಹೋಗುತ್ತದೆ. ಮೈಲುತುತ್ತಿರಲಿ, ಇನ್ನೂ ಕಟುವಾದ ಕೀಟನಾಶಕವಿರಲಿ, ಗಂಜಳದ ತೊಟ್ಟಿಯಿರಲಿ, ಎಲ್ಲವೂ ಕುಡಿಯುವ ನೀರಿನ ಪಾಲೇ.

ಗೇರು ತೋಟಕ್ಕೆ ಹೊಡೆದ ವಿಷ ಮನೆಯ ನೀರಿಗೆ ಬಂದರೆ ಏನಾಗುತ್ತದೆಂಬುದನ್ನು ಕಾಸರಗೋಡಿನ ಊರುಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಎಂಡೋಸಲ್ಫಾನಿನ ತಯಾರಿ, ಮಾರಾಟ, ಬಳಕೆಗಳನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆಯಿತು. ಆದರೆ ನಮ್ಮ ಅಂಗಳದ ಡ್ರಮ್ಮನ್ನು ಕಾಯುವುದು ನಮ್ಮ ಕೈಯಲ್ಲಿಯೇ ಇದೆ. ಉಪಾಯ ಬಹಳ ಸುಲಭ: ಹೋಸಿನ ತುದಿ ಯಾವಾಗಲೂ ಡ್ರಮ್ಮಿನ ಬಾಯಿಗಿಂತ ಒಂದು ಗೇಣು ಮೇಲೆ ಇರಬೇಕು. ಒಂದು ಕವೆಗೋಲಿಗೆ ಅದನ್ನು ಕಟ್ಟಿಬಿಡಿರಿ. ನಡುವೆ ಗಾಳಿಯಿದ್ದರೆ ನೀರು ಹಿಂದಕ್ಕೆ ಸೆಳೆಯಲಾರದು. ಮೊದಲು ನೀರು ತುಂಬಿ, ಪೈಪು ದೂರವಿಟ್ಟು, ಆ ಮೇಲೆ ಔಷಧಿ ಬೆರೆಸುವುದು ಇನ್ನೂ ಲೇಸು.

ಔಷಧಿ ಸಿಂಪಡಿಸುವ ಪೈಪು ಬೇರೆ, ನೀರಿನ ಪೈಪು ಬೇರೆ ಇರಲಿ. ಸಿಂಪಡಿಸುವ ಪೈಪಿನ ಎರಡೂ ತುದಿಗೆ ಕೆಂಪು ಬಣ್ಣ ಬಳಿದು, ಬೇರೆ ಗೂಟಕ್ಕೆ ಹಾಕಿರಿ. ಕೆಲಸ ಮುಗಿದ ದಿನವೇ ಶುದ್ಧ ನೀರು ಹಾಯಿಸಿ ತೊಳೆಯದಿದ್ದರೆ ಸುಣ್ಣ ಒಳಗೆ ಕಚ್ಚಿಕೊಳ್ಳುತ್ತದೆ.

ಮಳೆಗಾಲದ ವಿಶ್ರಾಂತಿ

ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ನಾಲ್ಕು ತಿಂಗಳು ನೀರಿನ ಹೋಸಿಗೆ ಹೆಚ್ಚಿನ ಕೆಲಸವಿಲ್ಲ. ಆಗ ಅದನ್ನು ಒಮ್ಮೆ ಪೂರ್ತಿ ಹಾಸಿ, ನೀರು ಬಿಟ್ಟು, ಸೋರುವ ಕಡೆಗಳಿಗೆ ಗುರುತು ಹಾಕಿರಿ. ಟಯರಿನ ಟ್ಯೂಬಿನ ಪಟ್ಟಿಯನ್ನು ಎಳೆದು ಕಟ್ಟುವುದು ಒಂದೆರಡು ವಾರಕ್ಕೆ ಮಾತ್ರ ಸರಿ. ಬಾಳುವ ರಿಪೇರಿಯೆಂದರೆ ಸೀಳಿದ ಭಾಗವನ್ನು ನೇರವಾಗಿ ಕತ್ತರಿಸಿ ತೆಗೆದು, ಜಾಯಿಂಟು ಹಾಕಿ, ಕ್ಲಿಪ್ಪು ಬಿಗಿಯುವುದು. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಜಾಯಿಂಟು ಸಲೀಸಾಗಿ ಒಳಸೇರುತ್ತದೆ. ಬೆಂಕಿಯ ಮೇಲೆ ಹಿಡಿದರೆ ಪೈಪು ಸುಟ್ಟು ತೆಳ್ಳಗಾಗುತ್ತದೆ, ಅದು ಬೇಡ. ಆ ಮೇಲೆ ನೀರು ಬಸಿದು, ಒಣಗಿಸಿ, ಸುತ್ತಿ, ಗೋಡೆಗೆ ಹಾಕಿರಿ.

ಇತರ ಸೀಮೆಗಳಿಗೆ

ನೀಲಗಿರಿಯ ಮೇಲಿನ ನಮ್ಮ ವಾಚಕರು ಡಿಸೆಂಬರ್, ಜನವರಿಯ ಮಂಜುಗಟ್ಟುವ ರಾತ್ರಿಗಳಲ್ಲಿ ಪೈಪಿನಲ್ಲಿಯೂ ಮೂತಿಯಲ್ಲಿಯೂ ನೀರು ಉಳಿಸಬಾರದು. ನೀರು ಮಂಜುಗಡ್ಡೆಯಾದಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗಿ ಜೋಡಣೆಯನ್ನು ಒಡೆಯಬಲ್ಲದು. ಸೊಲ್ಲಾಪುರ, ಜತ್ತ, ಆದವಾನಿಯ ಕಡೆ ಬಿಸಿಲು ನಮ್ಮದಕ್ಕಿಂತ ಕಟುವಾದುದರಿಂದ ಅಲ್ಲಿ ನೆರಳಿನ ನಿಯಮವೇ ಮೊದಲನೆಯದು. ನೀರಿಲ್ಲದಾಗ ಚಪ್ಪಟೆಯಾಗುವ ದೊಡ್ಡ ಪೈಪನ್ನು ಬಳಸುವವರು ನೀರು ಪೂರ್ತಿ ಬಸಿದ ಮೇಲೆಯೇ ಅದನ್ನು ಚಾಪೆಯಂತೆ ಸುತ್ತಬೇಕು. ಹನಿ ನೀರಾವರಿಯ ಸಣ್ಣ ಪೈಪುಗಳನ್ನು ಬೆಳೆ ಮುಗಿದ ಮೇಲೆ ಎತ್ತುವ ಮೊದಲು ಅವುಗಳ ಕೊನೆಯನ್ನು ಬಿಚ್ಚಿ ಕೆಸರು ಹೋಗುವಷ್ಟು ನೀರು ಹಾಯಿಸಬೇಕು.

ದಿನಕ್ಕೆ ಐದು ನಿಮಿಷದ ಕೆಲಸವಿದು: ನಲ್ಲಿ ಮುಚ್ಚುವುದು, ನೀರು ಬಸಿಯುವುದು, ಅಗಲವಾಗಿ ಸುತ್ತುವುದು, ನೆರಳಿನಲ್ಲಿ ತೂಗುವುದು. ಇದಕ್ಕೆ ಹಣವೂ ಬೇಡ, ಸರಕಾರದ ಸಹಾಯವೂ ಬೇಡ. ಇಂದು ಸಂಜೆ ಕತ್ತಲಾಗುವ ಮೊದಲು ಅಂಗಳಕ್ಕೆ ಇಳಿದು, ನಿಮ್ಮ ಮನೆಯ ಪೈಪು ಎಲ್ಲಿ ಬಿದ್ದಿದೆ, ಅದರ ತುದಿ ಎಲ್ಲಿ ಮುಳುಗಿದೆ ಎಂಬುದನ್ನು ಒಮ್ಮೆ ನೋಡಿ ಬನ್ನಿರಿ.